ಕೋಷ್ಟಕದ ಕೊನೆಯೆರಡು ಸಾಲು

ಎಂ.ಎಸ್ಸಿ. ಮೊದಲ ವರ್ಷದಲ್ಲಿ ನಮಗೆ ಗಣಿತದ ತರ್ಕಶಾಸ್ತ್ರ ಹೇಳಿಕೊಟ್ಟ ಮೇಡಂ ಬೋರ್ಡಿನ ಮೇಲೆ ನಾಲ್ಕು ಸಾಲಿನ ಕೋಷ್ಟಕ ಬರೆದರು. ‘ಹೀಗಾದರೆ ಹಾಗೆ’ ಎಂಬಂಥ ಮಾತು ಯಾವಾಗ ಸತ್ಯ, ಯಾವಾಗ ಸುಳ್ಳು ಎನ್ನುವ ಲೆಕ್ಕ ಅದು. ಮೊದಲೆರಡು ಸಾಲಿಗೆ ನನ್ನ ತಕರಾರಿರಲಿಲ್ಲ. ಕೊನೆಯೆರಡು ಮಾತ್ರ ಶುದ್ಧ ಮೋಸ ಅನ್ನಿಸಿತು. ‘ಹೀಗಾದರೆ’ ಅನ್ನುವ ಭಾಗ ಸುಳ್ಳಾಗಿಬಿಟ್ಟರೆ, ಮುಂದೆ ಏನೇ ಇರಲಿ, ಇಡೀ ಮಾತು ಸತ್ಯವಂತೆ.

“ಮಳೆ ಬಂದ್ರೆ ಕೊಡೆ ತರ್ತೀನಿ ಅಂದ್ರಿ. ಮಳೆ ಬರ್ಲಿಲ್ಲ. ಕೊಡೆ ತಂದ್ರೂ ಸರಿ, ಬಿಟ್ರೂ ಸರಿ, ನೀವು ಮಾತು ತಪ್ಪಿಲ್ಲ ಕಣ್ರೀ,” ಅಂದರು ಮೇಡಂ. ಒಪ್ಪಿಗೆಯಾಗದಿದ್ದರೂ ಬರೆದುಕೊಂಡೆ.

ಆಗ ಅಪ್ಪ ಆಸ್ಪತ್ರೆಯಲ್ಲಿದ್ದರು. ಹೆಬ್ಬಾಳದ ಕಾರ್ಖಾನೆಯಲ್ಲಿ ಒಂದು ಶಿಫ್ಟೂ ತಪ್ಪಿಸದಿದ್ದ ಮನುಷ್ಯ ಲಿವರ್ ಕೆಟ್ಟು ಮಲಗಿದ್ದರು. ಗಂಡ ಹುಷಾರಾದರೆ ಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತುತ್ತೇನೆಂದು ಅಮ್ಮ ಚಾಮುಂಡಿಗೆ ಹರಕೆ ಹೊತ್ತಳು. ಎರಡು ವಾರವಾದರೂ ಅಪ್ಪ ಏಳಲಿಲ್ಲ. ಒಂದು ಶುಕ್ರವಾರ ಬೆಳಿಗ್ಗೆ ನೋಡಿದರೆ, ನಜರ್‌ಬಾದಿನ ನಮ್ಮ ಮನೆ ಬಾಗಿಲಲ್ಲಿ ಅಮ್ಮ ಅರಿಶಿನ ಕುಂಕುಮದ ಪೊಟ್ಟಣಗಳನ್ನು ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟುತ್ತಿದ್ದಳು. ಮಂಡಿನೋವಿನ ಹೆಂಗಸು ಅವಳು. ಪ್ರತಿ ಮೆಟ್ಟಿಲಿಗೂ ಬಗ್ಗಿ ಏಳಬೇಕು.

“ಹರಕೆ ಮುಂಚೇನೇ ತೀರಿಸ್ಬುಡ್ತೀನಿ ಕಣೇ. ತಾಯಿಗೆ ಮನಸ್ಸು ಕರಗ್ಬೋದು.”

ನನಗೋ ಹೊಸದಾಗಿ ಕಲಿತ ವಿದ್ಯೆಯ ಜಂಬ. “ಹುಷಾರಾದ್ರೆ ಹತ್ತೀನಿ ಅಂತ ತಾನೇ ನೀನು ಹೇಳ್ಕೊಂಡಿರೋದು? ಅವ್ರು ಇನ್ನೂ ಹುಷಾರಾಗಿಲ್ವಲ್ಲ. ಈಗ ಹತ್ತದೇ ಇದ್ರೂ ನಿನ್ನ ಮಾತೇನೂ ತಪ್ಪಿದಂಗಲ್ಲ. ಆ ಮಂಡಿ ಇಟ್ಕೊಂಡು ಎಲ್ಲಿಗಮ್ಮ ಹೋಗ್ತೀಯ?” ಅಂದೆ. ಓದಿದ ಮಗಳ ಮಾತೆಂದು ಅಮ್ಮ ಚೀಲ ಕೆಳಗಿಟ್ಟಳು.

ಸೋಮವಾರ ಅಪ್ಪ ಹೋಗಿಬಿಟ್ಟರು.

ತಿಥಿ ಮುಗಿಸಿ ನೆಂಟರೆಲ್ಲ ಹೊರಟ ಮೇಲೆ ಅಮ್ಮ ಅಡುಗೆಮನೆಯಲ್ಲಿ ಆ ಚೀಲ ಬಿಚ್ಚಿದಳು. ಅರಿಶಿನವನ್ನು ಅಡುಗೆಯ ಡಬ್ಬಿಗೆ ಸುರಿದಳು. ಕುಂಕುಮವನ್ನು ಏನು ಮಾಡುವುದೆಂದು ತೋಚದೆ ಪೊಟ್ಟಣವನ್ನು ಕೈಯಲ್ಲೇ ಹಿಡಿದು ನಿಂತಳು.

“ಆವತ್ತು ಹತ್ತಿದ್ರೆ ಉಳ್ಕೊತಿದ್ರು ಕಣೇ,” ಅಂದಳು. ಬೈಯುವ ಧ್ವನಿಯಲ್ಲ. ಬೈದಿದ್ದರೆ ವಾಸಿಯಿತ್ತು.

ಅದು ಸುಳ್ಳಮ್ಮ ಅನ್ನಲು ಬಾಯಿ ತೆರೆದೆ. ಆದರೆ ಅವಳು ಹತ್ತಿರಲಿಲ್ಲ. ‘ಹತ್ತಿದ್ದರೆ’ ಅನ್ನುವ ಭಾಗವೇ ಸುಳ್ಳು. ಮೇಡಂ ಬರೆದ ಕೋಷ್ಟಕದಲ್ಲಿ ಅಂಥ ಮಾತಿನ ಎದುರು ಇರುವುದು ‘ಸತ್ಯ’ ಒಂದೇ. ಹತ್ತಿದ್ದರೆ ಅಪ್ಪ ಹೋಗಿಬಿಡುತ್ತಿದ್ದರು ಅಂದರೂ ಅದೂ ಅಷ್ಟೇ ಸತ್ಯವೆಂದು ನನಗೆ ಗೊತ್ತಿತ್ತು. ಹೇಳುವುದು ಹೇಗೆ? ಇದೇ ಲೆಕ್ಕ ಹೇಳಿಯೇ ಅವಳನ್ನು ಬಾಗಿಲಲ್ಲಿ ತಡೆದಿದ್ದೆ. ಅವಳ ಕೈಯಿಂದ ಕುಂಕುಮದ ಪೊಟ್ಟಣ ತೆಗೆದುಕೊಂಡು ದೇವರ ಗೂಡಿನಲ್ಲಿಟ್ಟೆ.

ಆ ಸೆಮಿಸ್ಟರಿನಲ್ಲಿ ತರ್ಕಶಾಸ್ತ್ರಕ್ಕೆ ಇಡೀ ತರಗತಿಗೆ ಹೆಚ್ಚು ಅಂಕ ಬಂದದ್ದು ನನಗೆ. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.