ಮಾತು ಬಿಟ್ಟವಳ ಜೊತೆ ಮೂರು ನಿಮಿಷ

ಹೋದ ವರ್ಷ ನನ್ನ ಎಡ ಮೊಣಕಾಲಿಗೆ ಆಪರೇಷನ್ ಆಯಿತು. ಎರಡು ತಿಂಗಳು ನೆಲಕ್ಕೆ ಕೂರಬೇಡಿ, ಮೆಟ್ಟಿಲು ಹತ್ತಬೇಡಿ ಅಂದರು. ನಮ್ಮದು ಹದಿನಾರು ಅನ್ನುವ ಊರಿನ ಪಕ್ಕದ ಹಳ್ಳಿ. ಆ ಮನೇಲಿ ಕೂತರೆ ನೆಲ, ಎದ್ದರೆ ಮೆಟ್ಟಿಲು. ಅದಕ್ಕೆ ಮಗಳು ನನ್ನನ್ನು ತಿ. ನರಸೀಪುರಕ್ಕೆ ಕರಕೊಂಡು ಹೋಗಿ ತನ್ನ ಮನೇಲಿ ಇಟ್ಟುಕೊಂಡಳು. ಅವಳು ತಾಲ್ಲೂಕು ಆಫೀಸಲ್ಲಿ ಗುಮಾಸ್ತೆ. ಬೆಳಿಗ್ಗೆ ಹೋದರೆ ಸಂಜೆ ಆರಕ್ಕೆ ಬರುವುದು. ಅಲ್ಲಿವರೆಗೂ ನಾನು ಮತ್ತು ಟಿವಿ.

ನನಗೆ ಸುಮ್ಮನೆ ನೋಡೋಕೆ ಬರುವುದಿಲ್ಲ. ಧಾರಾವಾಹಿಯ ಹೆಂಗಸು ಅತ್ತರೆ, "ನೋಡು, ಕಾಡಿಗೆ ಕೆಡದ ಹಾಗೆ ಅಳ್ತಾಳೆ" ಅಂತಿದ್ದೆ. ಗಂಡಸು ಸಿಟ್ಟು ಮಾಡಿಕೊಂಡರೆ, "ಇವನಿಗೆ ಸಿಟ್ಟು ಬಂದಿಲ್ಲ, ಕಣ್ಣು ದಪ್ಪ ಮಾಡಿದಾನೆ ಅಷ್ಟೆ" ಅಂತಿದ್ದೆ. ಮಗಳಿಗೆ ಸಾಕಾಯಿತು. ಒಂದು ಸಂಜೆ ಬ್ಯಾಗು ಬಿಸಾಕಿ ಹೇಳಿದಳು:

"ಅಷ್ಟೊಂದು ಗೊತ್ತಿದ್ರೆ ನೀನೇ ಮಾಡವ್ವ."

"ಯಾರು ಕರೀತಾರೆ?"

"ಕರೆಯೋರು ಅವ್ರೆ. ಫೋನಲ್ಲೇ ಕಲಿಸ್ತಾರಂತೆ, ಕನ್ನಡದಲ್ಲೇ. ಸೇರಿಸ್ಲಾ?"

ಮೊದಲ ಸಲ ಸಿನಿಮಾ ಕಲಿಯುವವರಿಗೆ ಅಂತ ಮಾಡಿದ್ದ ಕೋರ್ಸು ಅದು. ಎಂಟು ವಾರ. ಕ್ಯಾಮೆರಾ ಬೇಕಾದರೆ ಕ್ಯಾಮೆರಾ, ಬರೆಯುವುದಾದರೆ ಬರೆಯುವುದು, ನಟನೆಯಾದರೆ ನಟನೆ. ನಟನೆ ಅಂದೆ. ಫಾರಂ ತುಂಬುವಾಗ ವಿದ್ಯಾಭ್ಯಾಸ ಏನು ಬರೀಲಿ ಅಂದಳು. ಮೂರನೇ ಕ್ಲಾಸು ಅಂದೆ. ಪಾಸಾ ಫೇಲಾ ಅಂದಳು. ಪರೀಕ್ಷೆಗೆ ಮುಂಚೇನೇ ನನ್ನನ್ನು ನಾಟಿ ಹಾಕೋಕೆ ಕರಕೊಂಡು ಹೋದರು, ಎರಡೂ ಅಲ್ಲ ಅಂದೆ.

ಕೊನೇಲಿ ಪಾಸಾದವರಿಗೆ ಸರ್ಟಿಫಿಕೇಟು ಕೊಡುತ್ತಾರೆ ಅಂತ ಅವಳು ಓದಿ ಹೇಳಿದಾಗ ನನಗೆ ಅದು ಬೇಕು ಅನ್ನಿಸಿತು. ನನ್ನ ಹತ್ತಿರ ರೇಷನ್ ಕಾರ್ಡಿದೆ, ಓಟಿನ ಕಾರ್ಡಿದೆ, ಆಧಾರ್ ಇದೆ. ಅವೆಲ್ಲ ನಾನು ಇದ್ದೀನಿ ಅಂತ ಹೇಳುತ್ತವೆ. ನಾನು ಒಂದನ್ನು ಕಲಿತು ಮುಗಿಸಿದೆ ಅಂತ ಹೇಳುವ ಕಾಗದ ಒಂದೂ ಇರಲಿಲ್ಲ. ಮಗಳು ತಮಾಷೆಗೆ ಸೇರಿಸಿದಳು. ನಾನು ತಮಾಷೆಗೆ ಸೇರಲಿಲ್ಲ.

ಪ್ರತಿ ಶನಿವಾರ ಮಧ್ಯಾಹ್ನ ಒಬ್ಬ ಮೇಡಂ ಫೋನಲ್ಲಿ ಬರುತ್ತಿದ್ದರು. ನಲವತ್ತರ ಒಳಗಿನ ಹೆಂಗಸು, ಕ್ರಾಪು ಕೂದಲು, ಬಿಡಿಸಿ ಹೇಳುವ ನಾಲಿಗೆ. ಮಿಕ್ಕ ಹುಡುಗ ಹುಡುಗಿಯರೆಲ್ಲ ಸಣ್ಣ ಸಣ್ಣ ಚೌಕದಲ್ಲಿ ಕಾಣುತ್ತಿದ್ದರು. ಎಲ್ಲ ನನ್ನ ಮೊಮ್ಮಕ್ಕಳ ವಯಸ್ಸಿನವರು.

ಮೊದಲ ವಾರದ ಪಾಠ ನಿಮ್ಮ ಬಗ್ಗೆ ಒಂದು ನಿಮಿಷ ಮಾತಾಡಿ ಕಳಿಸಿ ಅಂತ. ನಾನು ರೇಷ್ಮೆ ಸೀರೆ ಉಟ್ಟು, ಪೌಡರ್ ಹಾಕಿ, ಆಧಾರ್ ಫೋಟೋಗೆ ಕೂತ ಹಾಗೆ ಕೂತು, ಫೋನನ್ನೇ ದುರುಗುಟ್ಟಿ ನೋಡಿಕೊಂಡು ಕೂಗಿದೆ. ಶನಿವಾರ ಮೇಡಂ ಎಲ್ಲರ ಮುಂದೆ ಅದನ್ನೇ ಹಾಕಿದರು.

"ಅಮ್ಮಾ, ಇದನ್ನ ಯಾರಿಗೆ ಹೇಳ್ತಿದ್ದೀರಿ?"

"ಎಲ್ರಿಗೂ."

"ಎಲ್ರಿಗೂ ಬೇಡ. ಕೈ ಚಾಚಿದ್ರೆ ಸಿಗೋಷ್ಟು ದೂರದಲ್ಲಿ ಒಬ್ರು ಕೂತವ್ರೆ ಅಂದ್ಕೊಳ್ಳಿ. ಅವರಿಗೆ ಹೇಳಿ."

ನಲವತ್ತು ವರ್ಷ ಈ ಗದ್ದೆ ಬದುವಿಂದ ಆ ಗದ್ದೆ ಬದುವಿಗೆ ಕೂಗಿದ ಗಂಟಲು ನನ್ನದು. ನಮ್ಮೂರ ನಾಟಕದಲ್ಲಾದರೆ ಕೊನೇ ಸಾಲಲ್ಲಿ ತೂಕಡಿಸುವವನಿಗೂ ಕೇಳಬೇಕು. ಸಿನಿಮಾದಲ್ಲಿ ಕೊನೇ ಸಾಲು ಅಂತ ಇಲ್ಲವೇ ಇಲ್ಲ, ನೋಡುವವನು ನಿಮ್ಮ ಕೆನ್ನೆ ಹತ್ತಿರವೇ ಕೂತಿರುತ್ತಾನೆ ಅಂದರು ಮೇಡಂ. ಹುಬ್ಬು ಒಂದು ಎಳೆ ಮೇಲೆ ಹೋದರೂ ಅವನಿಗೆ ದೊಡ್ಡದಾಗಿ ಕಾಣುತ್ತದಂತೆ. ಅದನ್ನು ಹಿಡಿಯೋಕೆ ನನಗೆ ಎರಡು ವಾರ ಹಿಡಿಯಿತು. ಹಿಡಿದ ಮೇಲೆ ಬಿಡಲಿಲ್ಲ.

ನಾಲ್ಕನೇ ವಾರ, ಒಂದು ಫೋನ್ ಬರುತ್ತದೆ, ಹತ್ತಿರದವರು ಸತ್ತ ಸುದ್ದಿ ಬರುತ್ತದೆ, ಅದನ್ನು ಮಾಡಿ ಕಳಿಸಿ ಅಂದರು. ಮಕ್ಕಳೆಲ್ಲ ಅತ್ತು ಕಳಿಸಿದ್ದರು. ಒಬ್ಬ ಗೋಡೆಗೆ ತಲೆ ಚಚ್ಚಿಕೊಂಡಿದ್ದ. ನಾನು ಟೇಬಲ್ ಮೇಲೆ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕೂತಿದ್ದೆ. ಫೋನ್ ತಗೊಂಡೆ, ಕೇಳಿಸಿಕೊಂಡೆ, ಕೆಳಗಿಟ್ಟೆ. ಮತ್ತೆ ಆರಿಸೋಕೆ ಶುರು ಮಾಡಿದೆ. ಆದರೆ ಕಲ್ಲನ್ನು ಮೊರದಲ್ಲೇ ಬಿಟ್ಟು ಅಕ್ಕಿ ಕಾಳನ್ನು ಎತ್ತಿ ಎತ್ತಿ ಆಚೆಗೆ ಹಾಕಿದೆ. ಅಷ್ಟೇ ನಾನು ಮಾಡಿದ್ದು.

ಮೇಡಂ ಅದನ್ನು ಎರಡು ಸಲ ಹಾಕಿ ತೋರಿಸಿದರು. "ಅಳೋದನ್ನ ತೋರಿಸೋದು ಸುಲಭ. ಈ ಅಮ್ಮ ಅಳು ಎಲ್ಲಿ ಹೋಯ್ತು ಅಂತ ತೋರಿಸಿದಾರೆ. ಎಲ್ಲರೂ ಕೈ ನೋಡಿ, ಮುಖ ಅಲ್ಲ" ಅಂದರು. ಆವತ್ತು ಸಂಜೆ ಮಗಳು ಬಂದಾಗ ನಾನೇ ಎದ್ದು ಕಾಫಿ ಮಾಡಿ ಕೊಟ್ಟೆ. ಕಾಲು ನೋಯುತ್ತಿತ್ತು, ನೋಯಲಿ ಅಂತ ಬಿಟ್ಟೆ.

ಅದು ನಾನು ಹೊಸದಾಗಿ ಕಟ್ಟಿದ್ದಲ್ಲ. ನಮ್ಮ ಅತ್ತೆ ಹೋದ ದಿನ ನನ್ನ ಕೈ ಹಾಗೇ ಮಾಡಿತ್ತು. ಅತ್ತೆ ಮೂರು ವರ್ಷ ಹಾಸಿಗೆ ಹಿಡಿದಿದ್ದರು. ತೊಳೆದವಳು, ಬಳಿದವಳು, ಮಗ್ಗುಲು ಬದಲಿಸಿದವಳು ನಾನು. ಹೋದಾಗ ನನಗೆ ಅಳು ಬರಲಿಲ್ಲ. ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಹೆಣದ ಮುಂದೆ ಎದೆ ಬಡಕೊಂಡು ರಾಗವಾಗಿ ಅತ್ತಳು. ಸುತ್ತ ನಾಲ್ಕು ಊರಲ್ಲಿ ಅವಳ ಹಾಗೆ ಅಳುವವರಿಲ್ಲ, ಅದು ನಿಜ. ಅತ್ತು ಮುಗಿಸಿ, ನೆಂಟರೆಲ್ಲ ಇರುವಾಗಲೇ ಅಂದಳು: "ಒಂದು ತೊಟ್ಟು ನೀರು ಬರ್ನಿಲ್ವಲ್ಲ ಇವಳ ಕಣ್ಣಲ್ಲಿ. ಇದೇನು ಎಣ್ಣೋ, ಕಲ್ಲೋ."

ಆವತ್ತೇ ಮಾತು ಬಿಟ್ಟೆ. ಅವಳೂ ಬಿಟ್ಟಳು. ಅದಕ್ಕೆ ಹನ್ನೊಂದು ವರ್ಷ.

ಒಂದೇ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿರುವುದು ನಮ್ಮದು. ಜಗುಲಿ ಒಂದೇ, ನಲ್ಲಿ ಒಂದೇ. ಹಾಗಿರುವಾಗ ಮಾತು ಬಿಟ್ಟವರು ಬದುಕುವುದು ಹೇಗೆ ಅಂದರೆ ಕೋಳಿಗೆ ಹೇಳುವುದು, ಇಲ್ಲದಿದ್ದರೆ ನನ್ನ ಸೊಸೆಗೆ ಹೇಳುವುದು. "ನಲ್ಲೀಲಿ ನೀರು ಬಂದದೆ, ಬೇಕಾದೋರು ಇಡ್ಕೊಳ್ಳಿ" ಅಂತ ಅವಳು ಕೋಳಿಗೆ ಹೇಳಿದರೆ ನಾನು ಬಿಂದಿಗೆ ತಗೊಂಡು ಹೋಗುತ್ತೇನೆ. ಏನಾದರೂ ಕೊಡುವುದಿದ್ದರೆ ಕೈಗೆ ಕೊಡುವ ಹಾಗಿಲ್ಲ, ನೆಲದ ಮೇಲಿಟ್ಟು ಹೋಗಬೇಕು. ಇದಕ್ಕೂ ಒಂದು ಕ್ರಮ ಇದೆ.

ಏಳನೇ ವಾರಕ್ಕೆ ನಾನು ಊರಿಗೆ ವಾಪಸು ಬಂದೆ. ಬಸ್ಸು ಹತ್ತಿಸುವಾಗ ಮಗಳು, ಕೊನೇ ಪಾಠ ಕಳಿಸದಿದ್ದರೆ ಹಿಂದಿನದೆಲ್ಲ ವ್ಯರ್ಥ ಕಣವ್ವ, ಸರ್ಟಿಫಿಕೇಟು ಬರಲ್ಲ ಅಂತ ಎಚ್ಚರಿಸಿದಳು. ಆ ಕೊನೇ ಪಾಠ ಇಷ್ಟು: ಇಬ್ಬರು ಇರಬೇಕು. ಒಬ್ಬರ ಹತ್ತಿರ ಒಂದು ವಸ್ತು ಇದೆ, ಇನ್ನೊಬ್ಬರಿಗೆ ಅದು ಬೇಕು. ಬಾಯಿ ಬಿಡುವ ಹಾಗಿಲ್ಲ. ಮೂರು ನಿಮಿಷ, ಫೋನು ಅಲ್ಲಾಡಬಾರದು. ಮುಂಚೆ ಮಾತಾಡಿಕೊಂಡು ಮಾಡಬೇಡಿ, ಎದುರಿನವರು ಏನು ಮಾಡುತ್ತಾರೆ ಅಂತ ನಿಮಗೇ ಗೊತ್ತಿರಬಾರದು ಅಂತ ಬೇರೆ ಹೇಳಿದ್ದರು.

ನಾನು ಎಲೆಅಡಿಕೆ ಅಂದುಕೊಂಡೆ. ಅಡಿಕೆ ನನ್ನ ಹತ್ತಿರ, ಎಲೆ ಮತ್ತು ಸುಣ್ಣ ಎದುರಿನವರ ಹತ್ತಿರ. ಎಲೆಅಡಿಕೆ ಹಾಕುವವರಿಗೆ ಬಾಯಿ ಕೆಟ್ಟಾಗ ಅದಕ್ಕಿಂತ ದೊಡ್ಡ ಆಸೆ ಇಲ್ಲ.

ಮೊದಲು ಸೊಸೆಯನ್ನು ಕೂರಿಸಿದೆ. ಅವಳು ಒಳ್ಳೆಯವಳು, ಅದೇ ತೊಂದರೆ. ಅರ್ಧ ನಿಮಿಷ ಆಗುವಷ್ಟರಲ್ಲಿ "ತಗೊಳ್ಳಿ ಅತ್ತೆ" ಅಂತ ಎಲೆಚೀಲವನ್ನೇ ಕೈಗೆ ಕೊಡುತ್ತಾಳೆ. ಕೊಡಬೇಡ ಅಂತ ಹೇಳಿದರೆ ನಗುತ್ತಾಳೆ. ಐದು ಸಲ ಮಾಡಿದೆವು. ಐದೂ ಕೆಟ್ಟವು. ಭಾನುವಾರ ಸಂಜೆಯೊಳಗೆ ಕಳಿಸಬೇಕು, ಆವತ್ತು ಶುಕ್ರವಾರ.

ಜಗುಲಿಯ ಆ ತುದಿಯಲ್ಲಿ ಓರಗಿತ್ತಿ ತನ್ನ ಚೀಲ ಬಿಚ್ಚಿಕೊಂಡು ಕೂತು ಇದನ್ನೆಲ್ಲ ನೋಡದ ಹಾಗೆ ನೋಡುತ್ತಿದ್ದಳು. ಅವಳನ್ನು ಕಂಡೆ. ಬೇಕಾದ್ದನ್ನು ಕೊಡದೆ ಕೂರೋಕೆ ಇವಳಿಗೆ ಯಾರೂ ಕಲಿಸಬೇಕಾಗಿಲ್ಲ ಅನ್ನಿಸಿತು. ಕೇಳುವುದು ಅಂದರೆ ನಾನು ಇಳಿದ ಹಾಗೆ. ರಾತ್ರಿಯೆಲ್ಲ ಅನ್ನುವಷ್ಟು ಯೋಚನೆಯನ್ನೇನೂ ಮಾಡಲಿಲ್ಲ. ಒಂದು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತು ಮಾಡಿದೆ. ನನಗೆ ಆ ಕಾಗದ ಬೇಕಾಗಿತ್ತು.

"ಆ ಮನೆಯವ್ರನ್ನ ಕೇಳವ್ವ, ಮೂರು ನಿಮಿಷ ಕೂತ್ಕೊಂಡಾರಾ ಅಂತ" ಅಂದೆ ಸೊಸೆಗೆ.

ಸೊಸೆ ಹೋಗಿ ಕೇಳುವುದೇನು ಬಂತು, ಓರಗಿತ್ತಿಗೆ ಆಗಲೇ ಕೇಳಿಸಿತ್ತು. "ಯಾಕಂತೆ? ಕಲ್ಲಿನ ಜೊತೆ ಕೂರಕ್ಕೆ ಇನ್ನೊಂದು ಕಲ್ಲು ಬೇಕಂತಾ?"

"ಹೌದು ಅಂತ ಹೇಳು" ಅಂದೆ.

ಅವಳು ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದಳು. ಆಮೇಲೆ ಸೊಸೆಗೆ ಒಂದೊಂದೇ ಕರಾರು ಹೇಳಿದಳು. "ನಾನು ಹಸಿರು ಸೀರೆ ಉಡ್ತೀನಿ. ಎಲೆಚೀಲ ನಂದೇ. ಬೆಳಕಿರೋ ಕಡೆಗೆ ನಾನು ಕೂರ್ತೀನಿ, ಕತ್ತಲು ಕಡೆಗೆ ಬೇಕಾದೋರು ಕೂರ್ಲಿ. ನನ್ನ ಮುಖ ಎದ್ದು ಕಾಣ್ಬೇಕು."

ಎಲ್ಲಕ್ಕೂ ಒಪ್ಪಿದೆ.

ಶನಿವಾರ ಬೆಳಿಗ್ಗೆ ಸೊಸೆ ಫೋನನ್ನು ಜಗುಲಿ ಎದುರಿನ ಕಟ್ಟೆ ಮೇಲೆ, ಅಕ್ಕಿ ಅಳೆಯುವ ಸೇರಿಗೆ ಒರಗಿಸಿಟ್ಟಳು. ಜಗುಲಿಯ ಅಂಚಲ್ಲಿ ಕಾಲು ಇಳಿಬಿಟ್ಟು ಇಬ್ಬರೂ ಕೂತೆವು. ನಡುವೆ ಎರಡು ಮೊಳ ಜಾಗ. ಸೊಸೆ ರೆಕಾರ್ಡ್ ಒತ್ತಿದ್ದೇ ತಡ, ಓರಗಿತ್ತಿ ಸೆರಗು ಬಾಯಿಗಿಟ್ಟುಕೊಂಡು ಗೊಳೋ ಅಂತ ಅಳೋಕೆ ಶುರು ಮಾಡಿದಳು. ನಿಜವಾದ ಕಣ್ಣೀರು. ಒಂದು ನಿಮಿಷ ತಡೆದೆ.

"ಯಾರೂ ಸತ್ತಿಲ್ಲ ಅಂತ ಹೇಳವ್ವ" ಅಂದೆ ಸೊಸೆಗೆ.

ಅವಳು ಟಪ್ಪಂತ ಅಳು ನಿಲ್ಲಿಸಿದಳು. "ಆಕ್ಟಿಂಗು ಅಂದಿದ್ದು ಅವರೇ ಅಲ್ವಾ" ಅಂತ ಕೋಳಿಗೆ ಹೇಳಿ, ಮುಖ ಸಿಂಡರಿಸಿಕೊಂಡು, ಚೀಲ ಬಿಚ್ಚಿ ತನ್ನ ಪಾಡಿಗೆ ತಾನು ಎಲೆ ಒರೆಸೋಕೆ ಕೂತಳು. ಫೋನಿರುವುದನ್ನೇ ಮರೆತಳು. ನಾನು ಸೊಸೆ ಕಡೆ ನೋಡಿದೆ. ಸೊಸೆ ಸದ್ದಿಲ್ಲದೆ ಇನ್ನೊಂದು ಸಲ ಒತ್ತಿದಳು.

ಆ ಮೂರು ನಿಮಿಷ ನಾನು ಮಾಡಿದ್ದು ಇಷ್ಟು. ಕೈಯಲ್ಲಿ ಅಡಿಕೆ ಹೋಳು ಹಿಡಿದಿದ್ದೆ. ಅವಳ ಕೈ ನೋಡಿದೆ, ಬೀದಿ ನೋಡಿದೆ, ಮತ್ತೆ ಅವಳ ಕೈ ನೋಡಿದೆ. ಕೇಳಬಾರದು ಅಂತ ನನಗೆ ಮೇಡಂ ಹೇಳಬೇಕಾಗಿರಲಿಲ್ಲ. ಅವಳು ಎಲೆಯ ತೊಟ್ಟು ಮುರಿದಳು, ನಾರು ಎಳೆದಳು, ಸುಣ್ಣ ಹಚ್ಚಿದಳು. ಹಚ್ಚುವಾಗ ಬೆರಳು ನಡುಗಿ ಸುಣ್ಣ ಎಲೆಯ ಆಚೆಗೂ ಬಿತ್ತು. ಅವಳಿಗೆ ಕೈ ನಡುಗುವುದು ನನಗೆ ಗೊತ್ತೇ ಇರಲಿಲ್ಲ. ಹನ್ನೊಂದು ವರ್ಷ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅವಳು ಎಲೆ ಮಡಿಸಿದಳು, ನನ್ನ ಅಡಿಕೆ ನೋಡಿದಳು, ಮಡಿಸಿದ್ದನ್ನು ತನ್ನ ಬಾಯಿಗೇ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ನನ್ನ ಬಾಯಲ್ಲಿ ನೀರೂರಿ ನುಂಗಿದೆ. ಗಂಟಲು ಅಲ್ಲಾಡಿದ್ದು ಆಮೇಲೆ ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಬಹಳ ಹೊತ್ತಾದ ಮೇಲೆ ಇನ್ನೊಂದು ಎಲೆ ತೆಗೆದಳು. ಸುಣ್ಣ ಹಚ್ಚಿ, ಮಡಿಸದೆ, ನಮ್ಮಿಬ್ಬರ ನಡುವೆ ಜಗುಲಿ ಮೇಲೆ ಇಟ್ಟಳು. ಇಟ್ಟು ಆ ಕಡೆ ತಿರುಗಿ ಕೂತಳು. ನಾನು ತಕ್ಷಣ ತಗೊಳ್ಳಲಿಲ್ಲ. ಗಾಳಿಗೆ ಎಲೆ ಸರಿದಾಗ ಅವಳು ತಿರುಗದೆಯೇ ಒಂದು ಬೆರಳಿಂದ ಅದನ್ನು ಒತ್ತಿ ಹಿಡಿದಳು. ಆಗ ತಗೊಂಡೆ.

ಹಾಗೇ ಕಳಿಸಿದೆವು.

ಮುಂದಿನ ಶನಿವಾರ ಮೇಡಂ ಅದನ್ನು ಎಲ್ಲರಿಗೂ ತೋರಿಸಿದರು. ನಾನು ಫೋನಿನ ಸದ್ದು ಪೂರ್ತಿ ಮಾಡಿ ಜಗುಲಿ ಮೇಲಿಟ್ಟುಕೊಂಡಿದ್ದೆ. ಆ ತುದಿಯಲ್ಲಿ ಓರಗಿತ್ತಿ ಸೊಪ್ಪು ಬಿಡಿಸುತ್ತಿದ್ದಳು. ಒಂದು ಕಟ್ಟು ಸೊಪ್ಪನ್ನು ಅಷ್ಟು ಹೊತ್ತು ಯಾರೂ ಬಿಡಿಸುವುದಿಲ್ಲ.

"ಅಮ್ಮಾ, ಇದಕ್ಕೆ ನಾನು ತಿದ್ದೋದು ಏನೂ ಇಲ್ಲ. ಕೇಳಬಾರದು ಅನ್ನೋದನ್ನ ಮೂರು ನಿಮಿಷ ಹಿಡಿದಿಟ್ಟಿದ್ದೀರಿ" ಅಂದರು. ಆಮೇಲೆ ಕೇಳಿದರು, "ಆ ಇನ್ನೊಬ್ಬ ಅಮ್ಮ ಯಾರು? ಎಲೆ ಒತ್ತಿ ಹಿಡಿದ್ರಲ್ಲ, ಅದನ್ನ ಯಾರೂ ಹೇಳಿಕೊಡೋಕಾಗಲ್ಲ. ಎಷ್ಟು ದಿನ ರಿಹರ್ಸಲ್ ಮಾಡಿದ್ರಿ?"

"ಹನ್ನೊಂದು ವರ್ಷ" ಅಂದೆ.

ಮಕ್ಕಳೆಲ್ಲ ನಕ್ಕರು.

ಸರ್ಟಿಫಿಕೇಟು ಮಗಳ ಫೋನಿಗೆ ಬಂತು. ಅವಳು ನರಸೀಪುರದಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ, ತಾನೇ ತಂದು ಕೊಟ್ಟಳು. ನನ್ನ ಹೆಸರು ತಪ್ಪಿಲ್ಲದೆ ಇದೆ. ಕೆಳಗೆ, ನಟನೆಯ ಪರಿಚಯ ಕೋರ್ಸನ್ನು ಪಾಸು ಮಾಡಿದ್ದಾರೆ ಅಂತಿದೆ. ಅಕ್ಷರದ ಮೇಲೆ ಬೆರಳಿಟ್ಟು ಓದಿದೆ, ಯಾರ ಸಹಾಯವೂ ಬೇಕಾಗಲಿಲ್ಲ. ಈಗ ಅದು ನಡುಮನೆಯ ಗೋಡೆಯಲ್ಲಿದೆ. ಬಂದವರು ಕೇಳದಿದ್ದರೆ ನಾನೇ ತೋರಿಸುತ್ತೇನೆ.

ಓರಗಿತ್ತಿಗೂ ನನಗೂ ಇವತ್ತಿಗೂ ಮಾತಿಲ್ಲ. ವಿಡಿಯೋವನ್ನು ಮಾತ್ರ ಸೊಸೆ ಕೈಲಿ ತನ್ನ ಫೋನಿಗೆ ಹಾಕಿಸಿಕೊಂಡಿದ್ದಾಳೆ. ನಂಜನಗೂಡಲ್ಲಿರುವ ತವರಿನವರಿಗೆಲ್ಲ ತೋರಿಸಿ ಬಂದಳಂತೆ, ನನ್ನದೊಂದು ಸಿನಿಮಾ ಬಂದದೆ ಅಂತ. ಎಲೆ ಇಟ್ಟು ಕೊಟ್ಟ ಕಡೆಯಿಂದ ತೋರಿಸುತ್ತಾಳಂತೆ, ತಾನು ಮೊದಲು ತಿಂದದ್ದನ್ನು ಓಡಿಸಿಬಿಡುತ್ತಾಳಂತೆ. ತೋರಿಸಿಕೊಳ್ಳಲಿ. ಚೆನ್ನಾಗಿಯೇ ಮಾಡಿದ್ದಾಳೆ, ಅದನ್ನು ಮೇಡಂ ಮುಂದೆಯೂ ಹೇಳಿದ್ದೇನೆ. ಆದರೆ ಪಾಸಾದವಳು ನಾನು.