ಗರಿ ತುಂಬಿದ ಹೊದಿಕೆ

ವಾರ್ಸಾ ನಗರದಲ್ಲಿ ನಾನು ಕಳೆದದ್ದು ಒಂದೇ ಒಂದು ಚಳಿಗಾಲ. ಅಲ್ಲಿ ಏನೇನು ನೋಡಿದೆ ಎಂದು ಕೇಳುವವರಿಗೆ ಟ್ರಾಮು, ಹಿಮ, ಮಂಜುಗಡ್ಡೆ ತೇಲುವ ನದಿ ಎಂದು ಹೇಳಿ ಮಾತು ಮುಗಿಸುತ್ತೇನೆ. ನಿಜ ಹೇಳಬೇಕೆಂದರೆ ನಾನು ಹೆಚ್ಚಾಗಿ ನೋಡಿದ್ದು ಕತ್ತಲೆಯನ್ನು. ಮಧ್ಯಾಹ್ನದ ಕ್ಲಾಸು ಮುಗಿಸಿ ಹೊರಗೆ ಬರುವಷ್ಟರಲ್ಲಿ ಬೀದಿದೀಪ ಹತ್ತಿರುತ್ತಿತ್ತು. ಮೊಳಕಾಲ್ಮೂರಿನ ಬಿಸಿಲಿಗೆ ದಿನಾ ಬೈದುಕೊಂಡೇ ಬೆಳೆದವಳು ನಾನು. ಅಲ್ಲಿ ವಾರಕ್ಕೊಮ್ಮೆ ಎಳೆಬಿಸಿಲು ಬಿದ್ದರೆ ರಸ್ತೆ ಮಧ್ಯೆ ನಿಂತು ಮುಖ ಒಡ್ಡುತ್ತಿದ್ದೆ. ಸೈಕಲ್ಲಿನವರು ಬೈದು ಹೋಗುತ್ತಿದ್ದರು.

ನಮ್ಮ ಹಟ್ಟಿಗೆ ಕೊಂಡ್ಲಹಳ್ಳಿಯಲ್ಲಿ ಬಸ್ಸಿಳಿದು ನಡೆದು ಹೋಗಬೇಕು. ಹಟ್ಟಿಯೊಳಗೆ ಕೋಳಿ ಇಲ್ಲ. ತಿನ್ನುವುದಿಲ್ಲ ಅಂತ ಮಾತ್ರ ಅಲ್ಲ, ಸಾಕುವುದಿಲ್ಲ, ಮುಟ್ಟುವುದಿಲ್ಲ, ಅದರ ಒಂದು ಗರಿಯೂ ಹೊಸಿಲು ದಾಟುವಂತಿಲ್ಲ. ಕುರಿ ಆಗುತ್ತದೆ, ಮೇಕೆ ಆಗುತ್ತದೆ, ಕೋಳಿ ಆಗದು. ಯಾಕೆ ಎಂದರೆ ದೇವರಿಗೆ ಆಗದು. ದೇವರಿಗೆ ಯಾಕೆ ಆಗದು ಎಂದು ಕೇಳಿದರೆ ಬೆನ್ನಿಗೊಂದು ಗುದ್ದು ಬೀಳುತ್ತದೆ. ನನ್ನದು ಮೊದಲಿನಿಂದಲೂ ಮೂಗಿನ ತುದಿಯ ಸಿಟ್ಟು, ಉದ್ದ ನಾಲಿಗೆ. ಆ ಗುದ್ದು ನನಗೆ ಬೇಕಾದಷ್ಟು ಬಿದ್ದಿದೆ. ಒಮ್ಮೆ ಎಲ್ಲಿಂದಲೋ ಒಂದು ಹುಂಜ ದಾರಿ ತಪ್ಪಿ ನಮ್ಮ ಪಡಸಾಲೆಗೆ ಹಾರಿ ಕೂತಾಗ ಅವ್ವ ಇಡೀ ಮನೆ ಸಾರಿಸಿ, ಗೋಮೂತ್ರ ಚಿಮುಕಿಸಿ, ಮಾಡಿಟ್ಟಿದ್ದ ಮುದ್ದೆಯನ್ನೆಲ್ಲ ಹೊರಗೆ ಹಾಕಿದ್ದಳು. ಆ ರಾತ್ರಿ ನಾವು ಉಪವಾಸ ಮಲಗಿದೆವು. ಹುಂಜ ಮಾತ್ರ ಹೊಟ್ಟೆ ತುಂಬ ತಿಂದುಕೊಂಡು ಹೋಗಿತ್ತು.

ಅವ್ವ ಅಷ್ಟು ಬಿಗಿಯಾಗಿರಲು ಕಾರಣವಿತ್ತು. ಹಟ್ಟಿಯ ದೇವರಿಗೆ ಪ್ರತಿ ಸೋಮವಾರ ಮೀಸಲು ಹಾಲು ಹೋಗುವುದು ನಮ್ಮ ಮನೆಯಿಂದ. ಮದುವೆಯಾಗಿ ಬಂದಾಗಿನಿಂದ ಅದನ್ನು ಹೊರುವವಳು ಅವ್ವ. ಅಪ್ಪ ಕುರಿಮಂದೆಯ ಹಿಂದೆ ಆಂಧ್ರದ ಕಡೆ ಹೋದರೆ ತಿಂಗಳುಗಟ್ಟಲೆ ಪತ್ತೆ ಇಲ್ಲ. ಉಳಿದ ಆರು ದಿನ ಅವ್ವ ಕಂಡವರ ಹೊಲದಲ್ಲಿ ಶೇಂಗಾ ಕೀಳುವ ಕೂಲಿ ಹೆಂಗಸು. ಬಾ ಅಂದರೆ ಬರಬೇಕು, ಹೋಗು ಅಂದರೆ ಹೋಗಬೇಕು. ಸೋಮವಾರ ಬೆಳಿಗ್ಗೆ ಮಾತ್ರ, ತಲೆಯ ಮೇಲೆ ಗಡಿಗೆ ಹೊತ್ತು ಅವಳು ಹೊರಟರೆ, ಕೂಲಿ ಕೊಡುವ ಯಜಮಾನನೂ ಚಪ್ಪಲಿ ಬಿಟ್ಟು ದಾರಿಯ ಪಕ್ಕಕ್ಕೆ ಸರಿದು ನಿಲ್ಲಬೇಕು. ಈ ಲೋಕದಲ್ಲಿ ಅವಳಿಗೆ ಸಿಕ್ಕ ಮರ್ಯಾದೆ ಅದೊಂದೇ.

ಬೆಂಗಳೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ, ವಿನಿಮಯದ ಮೇಲೆ ಒಂದು ಸೆಮಿಸ್ಟರ್ ಪೋಲೆಂಡಿಗೆ ಹೋಗುವ ಅವಕಾಶ ನನಗೆ ಬಂತು. ಹಟ್ಟಿಯ ಹಿರಿಯರು ಕಟ್ಟೆಯ ಮೇಲೆ ಕೂತು ಅದನ್ನೇ ಮಾತಾಡಿದರು. "ಆ ದೇಶದಾಗೆ ಕೋಳಿ ಬಿಟ್ರೆ ಬ್ಯಾರೆ ಏನೈತೆ? ಈ ಹುಡುಗಿ ಮುಟ್ಟಿ ಬಂದ್ರೆ, ಆ ಮನೆ ಹಾಲು ದೇವ್ರಿಗೆ ಹೆಂಗೆ ಕೊಡಾದು?" ಎಂದರು. ಅವ್ವ ನೀರಿನ ಕೊಡ ಕೆಳಗಿಟ್ಟು ಅಲ್ಲಿಗೇ ಹೋದಳು.

"ನನ್ ಮಗಳು ಮುಟ್ಟಲ್ಲ ಕಣ್ರಿ. ಮುಟ್ಟಿದ್ರೆ ಮೀಸಲು ಬ್ಯಾರೆಯವ್ರ ಮನೆಗೆ ಬಿಟ್ಟುಕೊಡ್ತೀನಿ" ಎಂದಳು.

ಅಲ್ಲಿಗೆ ಮಾತು ಮುಗಿಯಿತು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ನನ್ನ ತಟ್ಟೆಯನ್ನು ನನ್ನನ್ನು ಕೇಳದೆ ಪಣಕ್ಕಿಟ್ಟಿದ್ದಳು. ಜಗಳವಾಡಲು ದಿನ ಉಳಿದಿರಲಿಲ್ಲ, ಹೊರಟುಬಿಟ್ಟೆ.

ಹಾಸ್ಟೆಲಿನಲ್ಲಿ ಜಾಗವಿಲ್ಲವೆಂದು ನನಗೆ ಒಬ್ಬ ಮುದುಕಿಯ ಮನೆಯಲ್ಲಿ ಕೋಣೆ ಹುಡುಕಿಕೊಟ್ಟರು. ಟ್ರಾಮ್ ಓಡಿಸಿ ನಿವೃತ್ತಳಾದವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಇಂಗ್ಲಿಷು ಅವಳಿಗೆ ಬಾರದು, ಅವಳ ಭಾಷೆ ನನಗೆ ಬಾರದು. ಬಹಳ ಮುಖ್ಯವಾದದ್ದನ್ನು ಮಾತ್ರ ಫೋನಿನಲ್ಲಿ ಟೈಪು ಮಾಡಿ ಅನುವಾದಿಸಿ ತೋರಿಸುತ್ತಿದ್ದೆವು. ಬಂದ ಮೊದಲ ಭಾನುವಾರವೇ ಅವಳು ಕೋಳಿ ಸೂಪು ಮಾಡಿ ನನ್ನ ಬಾಗಿಲು ತಟ್ಟಿದಳು. ಬೇಡವೆಂದು ಕೈಮುಗಿದೆ. ಬೇಸರಿಸಲಿಲ್ಲ. ಮುಂದಿನ ಭಾನುವಾರದಿಂದ ನನಗೆಂದೇ ಬೇರೆ ಪಾತ್ರೆಯಲ್ಲಿ ಬೀಟ್‌ರೂಟಿನ ಸಾರು ಕುದಿಸಿದಳು. ಎದುರುಬದುರು ಕೂತು ಮಾತಿಲ್ಲದೆ ಉಣ್ಣುತ್ತಿದ್ದೆವು. ಆ ಊರಿನಲ್ಲಿ ಇನ್ನೊಬ್ಬರ ಜೊತೆ ಕೂತು ನಾನು ಉಂಡದ್ದು ಅದಿಷ್ಟೇ. ಕ್ಲಾಸಿನವರು ಕೆಟ್ಟವರಲ್ಲ. ಕುರಿ ತಿಂತೀಯಾ, ಹಾಗಾದರೆ ಕೋಳಿ ಯಾಕಿಲ್ಲ ಎಂದು ಕೇಳಿದರು, ನಾನು ಹೇಳಲು ಹೋಗಿ ತಡವರಿಸಿದೆ, ಅವರು ನಕ್ಕರು. ಆಮೇಲೆ ಊಟಕ್ಕೆ ಕರೆಯುವುದನ್ನೇ ಬಿಟ್ಟರು. ಲಕ್ಷಾಂತರ ಜನರ ಊರು, ಟ್ರಾಮಿನಲ್ಲಿ ಮೈಗೆ ಮೈ ತಾಗುವಷ್ಟು ಜನ, ಆದರೂ ನನ್ನ ಗಂಟಲಿನಿಂದ ದಿನಗಟ್ಟಲೆ ಒಂದು ಶಬ್ದವೂ ಹೊರಡುತ್ತಿರಲಿಲ್ಲ. ಕೋಣೆಯಲ್ಲಿ ಕೂತು ಸುಮ್ಮನೆ ಅಳುತ್ತಿದ್ದೆ.

ಜನವರಿಯಲ್ಲಿ ಚಳಿ ಮೂಳೆಗೆ ಇಳಿಯಿತು. ನನ್ನ ಕೋಣೆ ಮೂಲೆಯದು, ಕಿಟಕಿ ಹಳೆಯದು. ಹೊದೆಯಲು ಅವ್ವ ಚಳ್ಳಕೆರೆ ಸಂತೆಯಲ್ಲಿ ಆರಿಸಿ ಕೊಟ್ಟ ಕರಿ ಕಂಬಳಿಯಿತ್ತು. ನಮ್ಮ ಕಡೆಯ ಚಳಿಗೆ ಅದು ಹೆಚ್ಚೇ ಆಗುತ್ತಿತ್ತು. ಅಲ್ಲಿ ಅದನ್ನು ಎರಡು ಮಡಿಕೆ ಮಾಡಿದರೆ ಕಾಲು ಹೊರಗೆ, ಬಿಚ್ಚಿದರೆ ಚಳಿ ಒಳಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು ವಾರ್ಸಾದಲ್ಲಿ ಮಲಗಿದವರಲ್ಲ.

ಒಂದು ಸಂಜೆ ಮುದುಕಿ ನನ್ನ ಕಂಬಳಿಯನ್ನು ಕೈಯಲ್ಲಿ ಉಜ್ಜಿ ನೋಡಿದಳು. ತಲೆಯಲ್ಲಾಡಿಸಿ ಹೋಗಿ ತನ್ನ ಬೀರುವಿನಿಂದ ಒಂದು ದಪ್ಪ ಕೆಂಪು ಹೊದಿಕೆ ಹೊತ್ತು ತಂದಳು. ಹಾಸಿಗೆಯ ಮೇಲೆ ಹರಡಿ, ಮೂಲೆಗಳನ್ನು ತಟ್ಟಿ ಸರಿಮಾಡಿ, ಫೋನಿನಲ್ಲಿ ನಿಧಾನವಾಗಿ ಟೈಪು ಮಾಡಿ ತೋರಿಸಿದಳು. ಹೆಬ್ಬಾತಿನ ಗರಿ ತುಂಬಿದ್ದು. ಅವಳ ಮದುವೆಗೆಂದು ಅವಳ ತಾಯಿ ಮಾಡಿದ್ದು. ಚಳಿಗಾಲವಿಡೀ ಅಕ್ಕಪಕ್ಕದ ಹೆಂಗಸರು ಮೇಜಿನ ಸುತ್ತ ಕೂತು ಗರಿಯ ಎಸಳು ಬಿಡಿಸುತ್ತಿದ್ದರಂತೆ. ಯಾರಾದರೂ ಸೀನಿದರೆ ಎಲ್ಲ ಹಾರಿಹೋಗುತ್ತಿತ್ತಂತೆ. ಆ ಸೀನನ್ನು ಅವಳು ನಟಿಸಿ ತೋರಿಸಿ ತಾನೇ ನಕ್ಕಳು. ನಮ್ಮಲ್ಲಿ ಹೆಂಗಸರು ಶೇಂಗಾ ಸುಲಿಯಲು ಕೂತ ಹಾಗೆ ಅಂದುಕೊಂಡು ನಾನೂ ನಕ್ಕೆ. ನಗುತ್ತಿರುವಾಗಲೇ ಗರಿಯೂ ದಾಟದ ನಮ್ಮ ಹೊಸಿಲು ನೆನಪಾಯಿತು.

ಅದು ನನಗೆ ಬಿಸಿತುಪ್ಪವಾಯಿತು. ಬೇಡ ಎನ್ನುವ ಧೈರ್ಯವಿಲ್ಲ, ಹೊದೆಯುವ ಧೈರ್ಯವೂ ಇಲ್ಲ. ಮಲಗುವಾಗ ಅದನ್ನು ಮಡಿಸಿ ಕುರ್ಚಿಯ ಮೇಲಿಟ್ಟು ಕಂಬಳಿ ಸುತ್ತಿಕೊಳ್ಳುತ್ತಿದ್ದೆ. ಬೆಳಿಗ್ಗೆ ಎದ್ದು, ಬೆರಳ ತುದಿಯಲ್ಲಿ ಹಿಡಿದು, ಹೊದ್ದು ಮಲಗಿದಂತೆ ಹಾಸಿಗೆಯ ಮೇಲೆ ಕೆದರಿ ಹೋಗುತ್ತಿದ್ದೆ. ಹಾಗೇ ಒಂದು ವಾರ ಕಳೆಯುವಷ್ಟರಲ್ಲಿ ಜ್ವರ ಬಂತು. ಬೆಳಿಗ್ಗೆ ಏಳಲಾಗಲಿಲ್ಲ. ಯಾಕೆ ಸದ್ದಿಲ್ಲವೆಂದು ಮುದುಕಿ ಚಹಾ ಹಿಡಿದು ಒಳಗೆ ಬಂದಳು. ಕುರ್ಚಿಯ ಮೇಲೆ ನೀಟಾಗಿ ಮಡಿಸಿಟ್ಟ ಹೊದಿಕೆಯನ್ನು ನೋಡಿದಳು, ಕಂಬಳಿಯೊಳಗೆ ನಡುಗುತ್ತಿದ್ದ ನನ್ನನ್ನು ನೋಡಿದಳು. ಚಹಾ ಇಟ್ಟಳು. ಹೊದಿಕೆಯನ್ನು ಎತ್ತಿಕೊಂಡು ಹೋಗಿಬಿಟ್ಟಳು.

ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಫೋನು ತೋರಿಸಿದೆ. ನಮ್ಮ ದೇವರಿಗೆ ಗರಿ ಆಗುವುದಿಲ್ಲ ಎಂದು ಬರೆದಿದ್ದೆ. ಅವಳು ಕನ್ನಡಕ ಹಾಕಿಕೊಂಡು ಓದಿ, ತನ್ನದನ್ನು ಬರೆದು ತೋರಿಸಿದಳು: ನನ್ನ ತಾಯಿ ಮಾಡಿದ್ದು ಗಲೀಜೇ? ಅಲ್ಲ ಅಲ್ಲ ಎಂದು ತಲೆಯಾಡಿಸಿದೆ. ಬಾಗಿಲಿಗೆ ಬಂದ ಮಾರಾಟದವರನ್ನು ಸಾಗಹಾಕುವ ಹಾಗೆ ತಲೆಯಾಡಿಸಿ ಅವಳು ಒಲೆಯ ಕಡೆ ತಿರುಗಿದಳು. ಆ ಭಾನುವಾರ ನನ್ನ ಬಾಗಿಲು ಯಾರೂ ತಟ್ಟಲಿಲ್ಲ. ಗೋಡೆಯಾಚೆ ಅವಳ ಚಮಚದ ಸದ್ದು ಕೇಳುತ್ತಿತ್ತು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಕಾಣದ ದೇವರ ಮೇಲೆ, ಕಟ್ಟೆಯ ಮುದುಕರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಪಣಕ್ಕಿಟ್ಟ ಅವ್ವನ ಮೇಲೆ.

ಜ್ವರ ಇಳಿಯಲಿಲ್ಲ. ಮಾರನೆಯ ದಿನ ಅವ್ವ ವಿಡಿಯೋ ಕರೆ ಮಾಡಿದಳು.

"ಯಾಕವ್ವಾ, ಮುಖ ಹಿಂಗಾಗೈತೆ?" ಎಂದಳು.

ಹೇಳಬಾರದು ಎಂದುಕೊಂಡಿದ್ದೆ. ಅವಳ ದನಿ ಕೇಳಿದ್ದೇ ತಡ, ಎಲ್ಲವನ್ನೂ ಒದರಿಬಿಟ್ಟೆ. ಅವ್ವ ನಡುವೆ ಬಾಯಿ ಹಾಕಲಿಲ್ಲ.

"ಅದು ಕೋಳಿನಾ?"

"ಅಲ್ಲವ್ವ. ನೀರಾಗೆ ಈಜೋ ದೊಡ್ಡ ಹಕ್ಕಿ."

"ಮೊಟ್ಟೆ ಇಡ್ತೈತಾ?"

"ಇಡ್ತೈತೆ."

"ಮನೇಲಿ ಸಾಕ್ತಾರಾ?"

"ಸಾಕ್ತಾರೆ."

"ಹಂಗಾದ್ರೆ ಕೋಳಿ ಜಾತಿನೇ ಆತು" ಎಂದಳು. ಆಮೇಲೆ ಅದೇ ದನಿಯಲ್ಲಿ, "ಹೋಗಿ ಆಯಮ್ಮನ್ನ ಕೇಳಿ ಇಸ್ಕಂಡು ಹೊದ್ಕೋ" ಎಂದಳು.

"ಮೀಸಲು?"

"ಅದು ನಂದು, ನಾನು ನೋಡ್ಕಂತೀನಿ. ಜೀವ ಇದ್ರೆ ತಾನೆ ಕುಲ. ನೀನು ಹೊದ್ಕೋ."

ಯಾರಿಗೂ ಗೊತ್ತಾಗುವುದಿಲ್ಲ, ಮುಚ್ಚಿಟ್ಟರೆ ಆಯಿತು ಎಂಬುದು ಅವ್ವನ ಉಪಾಯವೆಂದು ತಿಳಿದೆ. ಪರವಾಗಿಲ್ಲವೇ, ಅವ್ವನೂ ಬುದ್ಧಿವಂತೆಯಾದಳು ಎಂದು ಸಮಾಧಾನವಾಯಿತು. ಕಂಬಳಿ ಸುತ್ತಿಕೊಂಡೇ ಹೋಗಿ ಮುದುಕಿಯ ಬಾಗಿಲು ತಟ್ಟಿದೆ. ಬೀರುವಿನ ಕಡೆ ಕೈ ತೋರಿಸಿ, ಎರಡು ಕೈಯಲ್ಲಿ ನನ್ನನ್ನೇ ಅಪ್ಪಿಕೊಂಡು ತೋರಿಸಿದೆ. ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಹೊದಿಕೆ ತಂದು ನನ್ನನ್ನು ಮಲಗಿಸಿ, ಕುತ್ತಿಗೆಯ ತನಕ ಎಳೆದು, ಸುತ್ತ ಒತ್ತಿ, ಹಾಸಿಗೆಯ ಅಂಚಿಗೆ ಕೂತಳು. ಅಷ್ಟು ಬೆಚ್ಚಗಿನ ನಿದ್ದೆ ನಾನು ಆ ಊರಿನಲ್ಲಿ ಮಾಡಿರಲಿಲ್ಲ. ಕೋಳಿ ಕೂಗಿದ ಹಾಗೆ ಕನಸು ಬಿದ್ದು ಒಮ್ಮೆ ಬೆಚ್ಚಿ ಎದ್ದೆ, ಅಷ್ಟೆ.

ಭಾನುವಾರದ ಸಾರು ಮತ್ತೆ ಶುರುವಾಯಿತು. ಕತ್ತಲೆ ಮಾತ್ರ ಹಾಗೇ ಇತ್ತು. ಹೊರಡುವ ದಿನ ಮುದುಕಿ ಹೊದಿಕೆಯನ್ನು ಹಗ್ಗದಿಂದ ಬಿಗಿದು ಕಟ್ಟಿ ನನ್ನ ಪೆಟ್ಟಿಗೆಯ ಪಕ್ಕದಲ್ಲಿಟ್ಟಿದ್ದಳು. ತೆಗೆದುಕೊಂಡು ಹೋಗು ಎಂದಳು. ತನ್ನ ತಾಯಿಯ ಕೈಕೆಲಸವನ್ನು ಕೊಟ್ಟು ಹೋಗಲು ಅವಳಿಗೆ ಯಾರೂ ಇರಲಿಲ್ಲ. ಆದರೆ ಅದನ್ನು ನಮ್ಮ ಹೊಸಿಲು ದಾಟಿಸಲು ನನ್ನಿಂದಾಗದು. ಪೆಟ್ಟಿಗೆ ಚಿಕ್ಕದು ಎಂದು ಕೈಯಲ್ಲಿ ತೋರಿಸಿದೆ. ಅವಳು ಹಗ್ಗ ಬಿಚ್ಚತೊಡಗಿದಳು. ಬಿಚ್ಚುತ್ತಿರುವಾಗಲೇ ಕೆಳಗೆ ಟ್ಯಾಕ್ಸಿ ಬಂತು.

ನಾನು ಹಟ್ಟಿ ತಲುಪಿದ್ದು ಒಂದು ಸೋಮವಾರ ಬೆಳಿಗ್ಗೆ. ಅವ್ವ ಕೊಂಡ್ಲಹಳ್ಳಿಗೇ ಬಂದು ಕಾದಿದ್ದಳು. ಹಾಲಿನ ಹೊತ್ತಿನಲ್ಲಿ ಇವಳಿಗೆ ಇಲ್ಲೇನು ಕೆಲಸ ಎಂದು ನನಗೆ ಹೊಳೆಯಲಿಲ್ಲ. ಹಟ್ಟಿಯ ಬಾಯಿಗೆ ಬರುವಷ್ಟರಲ್ಲಿ ಎದುರಿಗೆ ದೊಡ್ಡಪ್ಪನ ಹೆಂಡತಿ ತಲೆಯ ಮೇಲೆ ಗಡಿಗೆ ಹೊತ್ತು ಬಂದಳು. ಅವ್ವ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದಳು. ಚಪ್ಪಲಿ ಬಿಟ್ಟಳು. ತಲೆ ತಗ್ಗಿಸಿ, ಅವಳು ದಾಟುವ ತನಕ ನಿಂತಳು.

ಆ ಕರೆ ಮಾಡಿದ ದಿನವೇ ಅವ್ವ ಹಿರಿಯರ ಬಳಿ ಹೋಗಿ, "ನನ್ ಕೈಯಾಗೆ ತಪ್ಪು ನಡೆದೈತೆ, ಏನು ಅಂತ ಕೇಳಬ್ಯಾಡ್ರಿ, ಮೀಸಲು ಬಿಡ್ತೀನಿ" ಎಂದು ಹೇಳಿ ಬಂದಿದ್ದಳು. ನನ್ನ ಹೆಸರು ಎತ್ತಿರಲಿಲ್ಲ. ಕೇಳಬೇಡಿ ಎಂದರೆ ಜನ ಸುಮ್ಮನಿರುತ್ತಾರೆಯೇ? ಚಳ್ಳಕೆರೆ ಸಂತೆಗೆ ಹೋದವಳು ಹೋಟೆಲಿನಲ್ಲಿ ಕೂತು ಕೋಳಿ ತಿಂದಳಂತೆ ಎಂದು ಹಟ್ಟಿಯೆಲ್ಲ ಆಡಿಕೊಂಡಿತ್ತು. ಹೊಲದಲ್ಲಿ ಅವಳ ಪಕ್ಕ ಕೂತು ಬುತ್ತಿ ಬಿಚ್ಚುವವರೂ ಕಡಿಮೆಯಾಗಿದ್ದರು.

ನನಗೆ ತಡೆಯಲಾಗಲಿಲ್ಲ. "ಈಗಲೇ ಕಟ್ಟೆಗೆ ಹೋಗಿ ಹೇಳ್ತೀನಿ. ಅದು ಕೋಳಿನೇ ಅಲ್ಲ. ಹೊದ್ದವಳು ನಾನು, ನೀನಲ್ಲ" ಎಂದು ಕೂಗಾಡಿದೆ. ಅವ್ವ ಮೊರದಲ್ಲಿ ಶೇಂಗಾ ಹಾಕಿಕೊಂಡು ಸುಲಿಯಲು ಕೂತಿದ್ದಳು.

"ಹೇಳಿದ್ರೆ ಏನಾಗ್ತೈತೆ? ಹೋದ ಮೀಸಲು ವಾಪಸ್ ಬರಾದಿಲ್ಲ. ನಿನ್ ಹೆಸರೂ ಹೋಗ್ತೈತೆ. ಒಬ್ರದು ಹೋಗೈತೆ, ಸಾಕು" ಎಂದಳು.

"ಮುಚ್ಚಿಡಬಹುದಿತ್ತಲ್ಲ! ಯಾರಿಗೆ ಗೊತ್ತಾಗ್ತಿತ್ತು?"

"ಹಾಲು ಹೊರಾಳು ನಾನಲ್ಲೇನೇ? ನಂಗೆ ಗೊತ್ತಿತ್ತು."

ನಾನು ಅಳುತ್ತಾ ಅವಳ ಎದುರಿಗೆ ಕೂತೆ. ಆಮೇಲಾದರೂ ಹೋಗಿ ಹೇಳಿದೆನೇ ಎಂದರೆ, ಇಲ್ಲ. ಅವಳು ಮತ್ತೊಂದಿಷ್ಟು ಕಾಯಿ ಸುಲಿದಳು. ನಾನು ಅಳು ನಿಲ್ಲಿಸಿದ ಮೇಲೆ, ತಲೆ ಎತ್ತದೆ ಕೇಳಿದಳು:

"ಬೆಚ್ಚಗಿತ್ತಾ?"

"ಇತ್ತವ್ವ" ಎಂದೆ.

ತಲೆಯಾಡಿಸಿ ಮೊರ ನನ್ನ ಕಡೆ ಸರಿಸಿದಳು, ನಾನೂ ಸುಲಿಯತೊಡಗಿದೆ. ಆ ದೊಡ್ಡ ಊರಿನ ಬಗ್ಗೆ ಅವ್ವ ಇವತ್ತಿನವರೆಗೆ ಕೇಳಿದ ಪ್ರಶ್ನೆ ಅದೊಂದೇ.