ಖಾನಾಪುರದಾಗ ಮೂರು ತಾಸು ಮಲಗೂ ಕೂಸು

ನನ್ನ ಮಗಳು ಹಗಲಹೊತ್ತು ಇಪ್ಪತ್ತೈದು ನಿಮಿಷ ಮಲಗಿದ್ರ ಭಾಳ ಆತು. ಆಗ ಆಕಿಗೆ ಐದು ತಿಂಗಳು. ಬೆಳಗಾವಿ ಕ್ಯಾಂಪಿನ ಬಾಜೂದ ಬಾಡಿಗಿ ಮನ್ಯಾಗ, ಗಂಡ ಆಫೀಸಿಗೆ ಹೋದಮ್ಯಾಗ ನಾವಿಬ್ಬರ. ತೊಡಿ ಮ್ಯಾಲೆ ಹಾಕ್ಕೊಂಡು ತಟ್ಟಿ ತಟ್ಟಿ ಕೈ ಸೋತು, ಹೆಂಗೋ ಮಲಗಿಸಿ, ಕಳ್ಳರಂಗ ತುದಿಗಾಲಿಲೆ ಹೊರಗ ಬರ್ತಿದ್ದೆ. ಜಳಕ ಮಾಡ್ಲೋ, ಉಣ್ಲೋ, ಅರಬಿ ಒಗೀಲೋ ಅಂತ ವಿಚಾರ ಮಾಡೂದ್ರಾಗ ಹತ್ತು ನಿಮಿಷ ಖಲಾಸ್. ಚಹಾ ಕುದಿಯಾಕ ಹತ್ತಿತಂದ್ರ ಒಳಗಿಂದ ರಾಗ ಶುರು. ಸೀಟಿ ಹೊಡೀತಂತ ಕುಕ್ಕರಿಗೇ ಬೈದೇನಿ ಒಮ್ಮೆ. "ಕೂಸು ಎಲ್ಲಾವೂ ಹಿಂಗ" ಅಂದಿದ್ದಕ್ಕ ಗಂಡಗೂ ಬೈದೆ.

ಎಲ್ಲಾವೂ ಹಿಂಗ ಅಂತ ನಾ ಹೆಂಗ ನಂಬ್ಲಿ? ಇದ ಕೂಸು ಬಾಣಂತನದಾಗ, ಖಾನಾಪುರದ ನಮ್ಮವ್ವನ ಮನ್ಯಾಗ, ಮಧ್ಯಾಹ್ನ ಮೂರು ಮೂರು ತಾಸು ಮಲಗ್ತಿತ್ತು. ನಾ ಉಂಡು ಒಳಗ ಬಿದ್ಕೊಂಡ್ರ ನಾಕಕ್ಕ ಏಳ್ತಿದ್ದೆ. "ಈಗಷ್ಟ ಎದ್ದೈತಿ ನೋಡವಾ, ದೇವ್ರಂಥಾ ಕೂಸು" ಅಂತಿದ್ಲು ಅವ್ವ. ಅಲ್ಲಿ ಮಲಗಿದ್ದು ಇಲ್ಲಿ ಮಲಗವಲ್ದು ಅಂದ್ರ ತಪ್ಪು ನಂದ ಅಲ್ಲೇನು? ಬಚ್ಚಲದಾಗ ನಳ ಬಿಟ್ಟು ಅತ್ತೇನಿ, ಸಪ್ಪಳಕ್ಕ ಕೂಸು ಎದ್ದೀತು ಅನ್ನೂ ಹೆದರಿಕ್ಯಾಗ.

ರಜಾ ಮುಗಿದು ಕಾಲೇಜಿಗೆ ಪಾಠಾ ಹೇಳಾಕ ಹೋಗಾಕ ಹದಿನೈದು ದಿನ ಉಳಿದಿತ್ತು. ವಾರದಾಗ ಐದು ದಿನ ಕೂಸು ಅವ್ವನ ಕಡೆ ಇರಲಿ, ಶನಿವಾರ ಕರ್ಕೊಂಡು ಬಂದ್ರಾತು ಅಂತ ನಿರ್ಧಾರ ಮಾಡಿಬಿಟ್ಟೆ. ಗಂಡ ಬ್ಯಾಡ ಅಂದ್ರು. "ಹಂಗಾರ ನೀವ ಮಲಗಿಸ್ರಿ" ಅಂದೆ. ಕೂಸಿನ ಅರಬಿ ಚೀಲಕ್ಕ ತುಂಬಿದೆ.

ಈಗಿಂದನ ರೂಢಿ ಆಗ್ಲಿ ಅಂತ, ಕೂಸಿನ್ನ ಬಿಟ್ಟು ಬರಾಕ ಅವತ್ತ ಖಾನಾಪುರದ ರೈಲು ಹತ್ತಿದೆ. ಗಾಡಿ ಬಿಟ್ಟಕೂಡ್ಲೇ ಮಲಗಿದ ಕೂಸು ದೇಸೂರ ದಾಟೂದ್ರಾಗ ಕಣ್ಣು ತಗೀತು. ಎದುರಿಗೆ ಕುಂತಿದ್ದ ಆಯಿ ನಕ್ಕೋತ ಮರಾಠ್ಯಾಗ "ಝಾಲೀ ಝೋಪ?" ಅಂದ್ಲು. ಆತರೀ, ಮುಗೀತು ನಿದ್ದಿ, ಅಂದೆ.

ಮನಿ ಮುಟ್ಟಿದಕೂಡ್ಲೇ ಅವ್ವ ಕೂಸಿನ್ನ ಇಸ್ಕೊಂಡು, "ಮಾರಿ ನೋಡು ಹೆಂಗಾಗೇತಿ, ಉಂಡು ಮಲಕ್ಕೋ ಹೋಗು" ಅಂದ್ಲು. ಪಡಸಾಲ್ಯಾಗ ತೊಟ್ಟಿಲ ಸರಪಳಿ ಕಿರ್ ಕಿರ್ ಅನ್ನೂದನ್ನ ಕೇಳ್ಕೋತ ಒಳಗ ನಾ ಕಣ್ಣು ಮುಚ್ಚಿದೆ. ಬೆಳಗಾವಿ ರೂಢಿ ಬಿಡಬೇಕಲ್ಲ, ಇಪ್ಪತ್ತೈದು ನಿಮಿಷಕ್ಕ ನನಗ ಎಚ್ಚರಾತು. ಸರಪಳಿ ಇನ್ನೂ ಕಿರ್ ಕಿರ್ ಅಂತಿತ್ತು. ಇಲ್ಲಿ ಹೆಂಗ ಮಲಗೇತಿ ನೋಡು ಅಂತ ಹೊಟ್ಟಿ ಉರೀತು. ನೀರು ಕುಡಿಯಾಕ ಎದ್ದು ಬಾಗಲಕ್ಕ ಬಂದ್ರ, ತೊಟ್ಟಿಲ ಖಾಲಿ. ಕೂಸು ಅವ್ವನ ಹೆಗಲ ಮ್ಯಾಲೆ ಕಣ್ಣು ಪಿಳಿ ಪಿಳಿ ಬಿಟ್ಕೊಂಡು ಸೆರಗು ಚೀಪಾಕ ಹತ್ತಿತ್ತು. ಅವ್ವ ಗ್ವಾಡಿಗೆ ಆನಿಕೊಂಡು ನಿಂತು, ಇನ್ನೊಂದು ಕೈಲೆ ಖಾಲಿ ತೊಟ್ಟಿಲಿನ ಹಗ್ಗ ಜಗ್ಗಾಕ ಹತ್ತಿದ್ಲು.

"ಇದೇನವ್ವಾ?"

ಅವ್ವ ಬೆಚ್ಚಿಬಿದ್ಲು. "ಸಪ್ಪಳ ನಿಂತ್ರ ನಿನಗ ಎಚ್ಚರ ಆಕ್ಕೇತಿ ಅಂತ..."

"ಬಾಣಂತನದಾಗೂ ಹಿಂಗ?"

"ಹೂಂ. ಇದು ಯಾವಾಗ ಅರ್ಧ ತಾಸಿನ ಮ್ಯಾಲೆ ಮಲಗೇತಿ?"

ಸಿಟ್ಟು ನೆತ್ತಿಗೇರಿತು. "ಖರೇ ಹೇಳಾಕ ಏನಾಗಿತ್ತ ನಿನಗ? ಎರಡು ತಿಂಗಳಿಂದ ನಂದ ತಪ್ಪಂತ ಅಳಾಕ ಹತ್ತೇನಿ ನಾ!"

"ಹೇಳಿದ್ರ ನೀ ಮಲಗ್ತಿದ್ದೇನು?" ಅಂದ್ಲು.

ಆಕಿ ಮಾರಿ ಅವತ್ತ ಸರಿಯಾಗಿ ನೋಡಿದೆ, ಕಣ್ಣು ಕೆಂಪಾಗಿ ಒಳಗ ಹೋಗಿದ್ವು. ಕೂಸಿನ್ನ ಇಸ್ಕೊಂಡು, ಒಳಗ ಹೋಗಿ ಮಲಕ್ಕೋ ಅಂದೆ. "ನನಗ ಹಗಲು ನಿದ್ದಿ ಬರಂಗಿಲ್ಲವಾ" ಅನಕೋತ ಹೋದಾಕಿ ಎರಡು ನಿಮಿಷದಾಗ ಗೊರಕಿ ಹೊಡಿಯಾಕ ಹತ್ತಿದ್ಲು.

ಅಷ್ಟೊತ್ತಿಗೆ ಗಂಡನ ಫೋನ್ ಬಂತು. ಕೂಸಿನ್ನ ಸಂಜಿ ಗಾಡಿಗೆ ವಾಪಸ್ ಕರ್ಕೊಂಡು ಬರ್ತೇನಿ, ಇಲ್ಲಿ ಬಿಡಂಗಿಲ್ಲ ಅಂದೆ. "ಮತ್ತ ಕಾಲೇಜಿಗೆ ಹೆಂಗ ಹೋಗ್ತಿ?" ಅಂತ ದನಿ ಏರಿಸಿದ್ರು.

"ಗೊತ್ತಿಲ್ಲರೀ" ಅಂದೆ. "ಮೆಲ್ಲಕ ಮಾತಾಡ್ರಿ, ಅವ್ವ ಮಲಗ್ಯಾಳ."